ಇದ್ದಿಲು ಬಸ್ಸಿನ ಷೋಫರ್

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಯುದ್ಧದ ಕಾಲದಲ್ಲಿ ಇದ್ದಿಲು ಬಸ್ಸು ಓಡಿಸುತ್ತಿದ್ದೆ ಎಂದರೆ ಕೇಳುವವರಿಗೆ ಈಗಲೂ ಕುತೂಹಲ. ಏರಿನಲ್ಲಿ ಜನ ಇಳಿದು ತಳ್ಳುತ್ತಿದ್ದದ್ದು, ಬಿಳಿ ಪಂಚೆ ಉಟ್ಟು ಹತ್ತಿದವರು ಬೂದಿಬಣ್ಣವಾಗಿ ಇಳಿಯುತ್ತಿದ್ದದ್ದು, ಹೆಣ್ಣು ನೋಡಲು ಹೊರಟ ಗಂಡು ದಾರಿಯ ಕೆರೆಯಲ್ಲಿ ಮುಖ ತೊಳೆದುಕೊಂಡದ್ದು, ಇವನ್ನೆಲ್ಲ ನಗಿಸುವ ಹಾಗೆ ಹೇಳುವುದು ನನಗೆ ಅಭ್ಯಾಸವಾಗಿದೆ. ಆದರೆ ಕತೆ ಒಂದು ಜಾಗಕ್ಕೆ ಬಂದಾಗ ನಾನು ಮಾತು ಬದಲಿಸಿಬಿಡುತ್ತೇನೆ. ಕೇಳುವವರಿಗೆ ಅದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ. ಇವತ್ತು ಆ ಜಾಗವನ್ನು ದಾಟದೆ ಅಲ್ಲೇ ನಿಲ್ಲಬೇಕೆಂದು ಕುಳಿತಿದ್ದೇನೆ.

ಮೊದಲು ಒಂದು ಇಂಗ್ಲಿಷ್ ಪದದ ವಿಷಯ ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ನಾನು ಹಾಸನದಲ್ಲಿ ಹೈಸ್ಕೂಲು ಮುಗಿಸಿದವನು. ಮುಂದೆ ಓದಿಸುವವರು ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂದೆ ಇನ್ನೊಂದು ಮದುವೆಯಾಗಿ ಜಮೀನು, ದನ, ಹೊಸ ಮಕ್ಕಳು ಎಂದು ತಮ್ಮ ಪಾಡಿಗೆ ಇದ್ದರು. ನಾನು ಒಬ್ಬ ಲಾರಿ ಚಾಲಕನ ಹಿಂದೆ ಬಿದ್ದು ಡ್ರೈವಿಂಗ್ ಕಲಿತೆ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಯಜಮಾನರೊಬ್ಬರು ಆಗ ಹೊಸದಾಗಿ ಕಾರು ತಂದಿದ್ದರು. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಬಲ್ಲವನು ಬೇಕಾಗಿತ್ತು. ಹಾಗೆ ನನಗೆ ಕೆಲಸ ಸಿಕ್ಕಿತು. ಬಿಳಿ ಕೋಟು ಹೊಲಿಸಿಕೊಟ್ಟರು. ಬೆಂಗಳೂರಿನಿಂದ ಬಂದ ಅವರ ನೆಂಟರೊಬ್ಬರು ಮೊದಲ ದಿನವೇ ನನ್ನನ್ನು ನೋಡಿ, "ಓ, ಷೋಫರ್ ಇಟ್ಟಿದ್ದೀರೋ" ಎಂದರು.

ಆ ಮಾತು ನನಗೆ ಹಿಡಿಸಿಬಿಟ್ಟಿತು. ಡ್ರೈವರ್ ಎಂದರೆ ಗಾಡಿ ಹೊಡೆಯುವವನು, ದನ ಅಟ್ಟುವವನು ಎಂದು ಶಾಲೆಯಲ್ಲಿ ಓದಿದ್ದೆ. ಷೋಫರ್ ಅನ್ನುವುದರಲ್ಲಿ ಅಂಥದ್ದೇನೂ ಇರಲಿಲ್ಲ. ಅರ್ಥ ತಿಳಿಯದ್ದೇ ಅದರ ದೊಡ್ಡಸ್ತಿಕೆಯಾಗಿತ್ತು. ನನ್ನ ತಗಡಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡೆ. ಯಾರಾದರೂ ಡ್ರೈವರ್ ಎಂದು ಕರೆದರೆ ತಿದ್ದುತ್ತಿದ್ದೆ.

ಈ ನಡುವೆ ಮದುವೆಯಾಯಿತು. ಹೆಂಡತಿ ಹೊಳೆನರಸೀಪುರದವಳು. ಮೊದಲ ಬಾಣಂತನಕ್ಕೆ ತವರಿಗೆ ಹೋದವಳು ಹಿಂತಿರುಗಲಿಲ್ಲ, ಕೂಸೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಮಂಡಿಯ ಹಿಂದಿನ ಶೆಡ್ಡಿಗೆ ಅಂಟಿದ ಒಂದು ಕೋಣೆಯಲ್ಲಿ ನಾನು, ಪೆಟ್ಟಿಗೆ, ಆ ಪದ, ಇಷ್ಟೇ ಇದ್ದೆವು. ಅದನ್ನು ಸಹಾನುಭೂತಿಗಾಗಿ ಹೇಳುತ್ತಿಲ್ಲ. ಒಂಟಿಯಾದವನು ಒಂದು ಹೆಸರನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ ಎಂಬುದು ತಿಳಿಯಲಿ ಎಂದು ಹೇಳಿದೆ.

ಯುದ್ಧ ಬಂತು. ಪೆಟ್ರೋಲು ಕೂಪನ್ನಿಗೆ ಬಿತ್ತು. ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ಗೋಣಿತಟ್ಟು ಹೊದಿಸಿದರು. ಯಜಮಾನರದೇ ಒಂದು ಬಸ್ಸು ಇತ್ತು. ಅದರ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ ಜೋಡಿಸಿದರು. ಅದರೊಳಗೆ ಇದ್ದಿಲು ಸುರಿದು ಬೆಂಕಿ ಹಾಕಿ, ಪಕ್ಕದ ಹಿಡಿ ತಿರುಗಿಸಿ ಗಾಳಿ ಊದಿದರೆ ಒಂದು ಬಗೆಯ ಗ್ಯಾಸು ಹುಟ್ಟುತ್ತಿತ್ತು. ಇಂಜಿನ್ನು ಓಡುತ್ತಿದ್ದದ್ದು ಅದರಲ್ಲಿ. ನನ್ನನ್ನು ಆ ಬಸ್ಸಿಗೆ ಹಾಕಿದರು. ಒಂದು ದಿನ ಅರಕಲಗೂಡಿನಿಂದ ಹೊರಟು ಹೊಳೆನರಸೀಪುರ, ಹಾಸನ, ಶಾಂತಿಗ್ರಾಮದ ಮೇಲೆ ಚನ್ನರಾಯಪಟ್ಟಣ. ಮಾರನೆಯ ದಿನ ಅದೇ ದಾರಿ ಹಿಂದಕ್ಕೆ.

ಪೀಪಾಯಿಯನ್ನು ನೋಡಿಕೊಳ್ಳಲು ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ಒಬ್ಬಾತ ಬಂದ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ಊರಿನ ಆಲೆಮನೆಯಲ್ಲಿ, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ಕೆಳಗೆ ಉರಿ ಹಾಕಿ ಪಳಗಿದ ಕೈ. ಆ ಊರಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಮೊದಲ ಕಬ್ಬು ಅರೆದ ದಿನ ಆಲೆಯ ಒಲೆಗೆ ಮೊದಲ ಬೆಂಕಿ ಇಡುವವನು ಕುಡಿತ, ಕೆಟ್ಟ ನಡತೆ ಯಾವುದೂ ಇಲ್ಲದ ಶುದ್ಧ ಮನುಷ್ಯನಾಗಿರಬೇಕು. ಹಲವು ವರ್ಷಗಳಿಂದ ಆ ಮೊದಲ ಬೆಂಕಿ ಈತನದು. ಬಸ್ಸಿಗೆ ಸೇರುವಾಗ ಯಜಮಾನರ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಿದ್ದ. "ಆಲೆ ಸುರುವಾಗೋ ದಿವ್ಸ ನಂಗೆ ರಜ ಕೊಟ್ಬುಡಿ ಬುದ್ದಿ. ಬೆಂಕಿ ಇಕ್ಬುಟ್ಟು ಬಂದ್ಬುಡ್ತೀನಿ."

ಲಿಂಗ ಕಟ್ಟಿದವನು. ಬೆಳಗಿನ ಸ್ನಾನ, ಪೂಜೆ ಆಗದೆ ಪೀಪಾಯಿ ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೆ ಮೈಯೆಲ್ಲ ಮಸಿ, ಹಣೆಯ ಮೇಲೆ ಮಾತ್ರ ವಿಭೂತಿಯ ಮೂರು ಗೆರೆ. ನನ್ನ ಕೈಯಿಂದ ಏನೂ ತಿನ್ನುತ್ತಿರಲಿಲ್ಲ, ಆದರೆ ತನ್ನ ಬುತ್ತಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿಯಲ್ಲಿ ನನ್ನ ಪಾಲನ್ನು ಮೊದಲೇ ಎತ್ತಿಡುತ್ತಿದ್ದ. ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ನಾನು ಕೆಳಗಿಳಿಯುತ್ತಿರಲಿಲ್ಲ. ಅತ್ತೆಯ ಮನೆಯ ಬೀದಿ ಅಲ್ಲಿಂದ ಕಾಣುತ್ತಿತ್ತು. ಕಾರಣವನ್ನು ನಾನು ಹೇಳಿರಲಿಲ್ಲ, ಆತ ಕೇಳಿರಲಿಲ್ಲ. ಕಾಫಿಯನ್ನು ಸ್ಟೀರಿಂಗಿನ ತನಕ ತಂದು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಆ ಬೀದಿ ನನಗೆ ಕಾಣದ ಹಾಗೆ ಅಡ್ಡವಾಗಿ ನಿಂತಿರುತ್ತಿದ್ದ.

ಬಸ್ಸು ಓಡುವಾಗ ನಾನು ಮುಂದೆ, ಆತ ಹಿಂದಿನ ಮೆಟ್ಟಿಲ ಮೇಲೆ. ಮಾತಾಡುವ ಹಾಗಿಲ್ಲ. ಏರು ಬಂದಾಗ ತಗಡಿನ ಮೇಲೆ ಬಡಿದು ತಿಳಿಸುತ್ತಿದ್ದ. ಜೋರಾಗಿ ಬಡಿದರೆ ಗ್ಯಾಸು ಸಾಲದು, ನಿಲ್ಲಿಸಿ ಎಂದು. ಮೆಲ್ಲಗೆ ತಟ್ಟಿದರೆ ಹತ್ತಿಸಿ, ನಾನಿದ್ದೇನೆ ಎಂದು. ಆ ವರ್ಷಗಳಲ್ಲಿ ನನ್ನ ಜೊತೆ ಹೆಚ್ಚು ಮಾತಾಡಿದ್ದು ಆ ತಗಡೇ. ನಾನು ಆತನನ್ನು ಅಣ್ಣಯ್ಯ ಎಂದು ಕರೆಯುತ್ತಿದ್ದೆ.

ಒಂದು ದಿನ ಹೊಳೆನರಸೀಪುರ ಬಿಟ್ಟ ಮೇಲೆ ದಾರಿಯಲ್ಲಿ ಬಸ್ಸು ನಿಂತಾಗ ನಾನೇ ಪೀಪಾಯಿಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದೆ. ತಲೆ ಗಿರ್ರೆಂದಿತು, ಕಾಲು ಸೋತಿತು, ನಾಲಿಗೆ ತೊದಲಿತು. ಆತ ನನ್ನನ್ನು ಎತ್ತಿ ಹೊಂಗೆ ಮರದ ಕೆಳಗೆ ಮಲಗಿಸಿ ಟವೆಲಿನಲ್ಲಿ ಗಾಳಿ ಬೀಸಿದ. "ಇದು ಹೆಂಡಕ್ಕಿಂತ ಕೆಟ್ಟದ್ದು ಕಣಪ್ಪಾ. ವಾಸ್ನೆ ಇಲ್ದಂಗೆ ಏರ್ಬುಡ್ತದೆ" ಎಂದ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನಗಂತೂ ನೆನಪಿತ್ತು.

ಇನ್ನು ಆ ಪದ. ಒಂದು ಮಧ್ಯಾಹ್ನ ಹಾಸನದಿಂದ ಹೊರಟು ಶಾಂತಿಗ್ರಾಮ ಸೇರುವ ಮೊದಲೇ ಬಸ್ಸು ನಿಂತಿತು. ಬೆಂಕಿ ಇಳಿದಿತ್ತು. ಆತ ಹಿಂದೆ ಹಿಡಿ ತಿರುಗಿಸುತ್ತಿದ್ದ. ಕೊಬ್ಬರಿ ವ್ಯಾಪಾರಿಯೊಬ್ಬ ರೇಗಿಸಿದ. "ಏನ್ ಡ್ರೈವರಣ್ಣ, ನಮ್ಮೆಂಡ್ರು ನಮ್ ತಿಥಿ ಮಾಡೋದ್ರೊಳಗಾದ್ರೂ ಊರ್ ಸೇರ್ತೀವಾ?"

"ಡ್ರೈವರಣ್ಣ ಅನ್ನಬೇಡಿ. ಷೋಫರ್ ಅನ್ನಿ" ಎಂದೆ.

ಮುಂದಿನ ಸೀಟಿನಲ್ಲಿ ನಿವೃತ್ತರಾದ ಇಂಗ್ಲಿಷ್ ಮೇಷ್ಟ್ರೊಬ್ಬರು ಕುಳಿತಿದ್ದರು. ಛತ್ರಿಯ ಹಿಡಿಯ ಮೇಲೆ ಗದ್ದ ಊರಿಕೊಂಡು, "ಆ ಪದದ ಹುಟ್ಟು ಗೊತ್ತೇನಪ್ಪಾ ನಿನಗೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪಾಠ ಮಾಡುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಬಸ್ಸೂ ಕದಲುವ ಹಾಗಿರಲಿಲ್ಲ.

"ಅದು ಇಂಗ್ಲಿಷರದ್ದಲ್ಲ, ಫ್ರೆಂಚರದ್ದು. ಬಿಸಿ ಮಾಡು, ಕಾಯಿಸು ಅನ್ನೋದರಿಂದ ಬಂದದ್ದು. ಮೊದಲು ರೈಲು, ಹಡಗುಗಳಲ್ಲಿ ಬಾಯ್ಲರಿಗೆ ಉರಿ ಹಾಕುವವನನ್ನ ಹಾಗೆ ಕರೀತಿದ್ದರು. ಆಮೇಲೆ ಮೋಟಾರು ಬಂತು. ಮೊದಮೊದಲಿನ ಮೋಟಾರುಗಳಲ್ಲಿ ಕೆಲವು ಉಗಿಯಲ್ಲಿ ಓಡ್ತಿದ್ದವು. ಅವಕ್ಕೂ ಹೊರಡುವ ಮುಂಚೆ ಬೆಂಕಿ ಹಾಕಿ ಕಾಯಿಸಬೇಕಾಗಿತ್ತು. ಹಾಗಾಗಿ ಮೋಟಾರಿನವನಿಗೂ ತಮಾಷೆಗೆ ಅದೇ ಹೆಸರು ಅಂಟಿತು. ಬೆಂಕಿ ಹೋಯಿತು, ಹೆಸರು ಉಳೀತು."

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿ, "ಈ ಬಸ್ಸಿನಲ್ಲಿ ಬೆಂಕಿ ವಾಪಸು ಬಂದಿದೆ ನೋಡು. ಹಾಗಾದರೆ ನ್ಯಾಯವಾಗಿ ಷೋಫರ್ ಅಂದರೆ ಆತ" ಎಂದರು.

ಬಸ್ಸಿಗೆ ಬಸ್ಸೇ ನಕ್ಕಿತು. ವ್ಯಾಪಾರಿ ಎದ್ದು ನಿಂತು ಕೂಗಿದ. "ಲೇ ಮಸಿಯಪ್ಪಾ, ಇವತ್ತಿಂದ ನೀನೇ ಸೋಪರು ಕಣ್ಲಾ. ಮುಂದಿರೋರು ಬರೀ ಚಕ್ರ ತಿರುಗ್ಸೋರು."

ಆತ ಬೆವರು ಒರೆಸಿಕೊಳ್ಳುತ್ತ, "ಅದ್ಯಾತರ ಎಸ್ರು ಬುಡಿ ಸಾ. ನನ್ ಮೈಗೆ ತಾಕುದ್ರೆ ಅದ್ಕೂ ಮಸಿ ಅತ್ತಿಕತ್ತದೆ" ಎಂದ. ಇನ್ನಷ್ಟು ನಕ್ಕರು.

ಆಮೇಲೆ ಎಲ್ಲ ಸ್ಟ್ಯಾಂಡಿನಲ್ಲೂ ಅದೇ ಆಯಿತು. "ಸೋಪ್ರಣ್ಣ ಬಂದ" ಎನ್ನುತ್ತಿದ್ದರು. ನನ್ನ ಮುಖ ನೋಡಿಯೇ ಎನ್ನುತ್ತಿದ್ದರು. ಆತನಿಗೆ ಅದು ಮುಜುಗರ. ಅರಕಲಗೂಡಿನಲ್ಲಿ ಒಂದು ಸಂಜೆ ನನ್ನ ಹತ್ತಿರ ಬಂದು, "ಅವ್ರ್ ಮಾತ್ಗೆಲ್ಲ ಮನ್ಸ್ ಕೆಡಿಸ್ಕಬ್ಯಾಡ ಕಣಪ್ಪಾ. ನಂಗ್ ಅದು ಸರ್ಯಾಗಿ ಅನ್ನಕ್ಕೂ ಬರಕಿಲ್ಲ" ಎಂದ. ಅಂದಿನಿಂದ ಅಣ್ಣಯ್ಯ ಎನ್ನುವುದನ್ನು ಬಿಟ್ಟು ಏನಯ್ಯಾ ಎಂದು ಕರೆಯತೊಡಗಿದೆ. ಆತನೂ ನನ್ನನ್ನು ಅಪ್ಪಾ ಎನ್ನುವುದನ್ನು ಬಿಟ್ಟು ಸಾ ಎನ್ನತೊಡಗಿದ. ರೊಟ್ಟಿಯನ್ನು ಮಾತ್ರ ಎತ್ತಿಡುವುದು ಬಿಡಲಿಲ್ಲ. ಬೇಡ ಎಂದು ನಾನೇ ಹೇಳಿ ನಿಲ್ಲಿಸಿದೆ. ಒಬ್ಬನೇ ಕುಳಿತು ಹೋಟೆಲಿನ ಇಡ್ಲಿ ತಿನ್ನುತ್ತ ನಾನು ಗೆದ್ದೆ ಅಂದುಕೊಂಡೆ.

ಮಳೆಗಾಲದ ಒಂದು ದಿನ ನಾವು ಚನ್ನರಾಯಪಟ್ಟಣ ಸೇರಿದಾಗ ಗಾಳಿಮಳೆ ಹುಯ್ಯುತ್ತಿತ್ತು. ಪೀಪಾಯಿಯ ಬೆಂಕಿ ಪೂರ್ತಿ ಆರುವ ತನಕ ಬಸ್ಸನ್ನು ಬಯಲಲ್ಲೇ ನಿಲ್ಲಿಸಬೇಕು ಎಂಬುದು ಕಟ್ಟಳೆ. ನಾನು ನೇರವಾಗಿ ಶೆಡ್ಡಿನೊಳಕ್ಕೆ ಓಡಿಸಿದೆ. ಎರಚಲು ಹೊಡೆಯುತ್ತಿತ್ತು, ಒಳಗೆ ಯಜಮಾನರ ಕೊಬ್ಬರಿ ಚೀಲಗಳಿದ್ದವು. ಬಾಗಿಲು ಎಳೆದು ಹಾಕಿದೆ.

"ಬಾಗ್ಲು ತಗ್ದಿರ್ಲಿ ಸಾ. ಒಳ್ಗಡೆ ಇನ್ನೂ ಕೆಂಡ ಅದೆ" ಎಂದ.

"ಕೆಂಡ ಕೆದಕಿ ತೆಗಿ. ಬೆಂಕಿಯವನು ನೀನಲ್ವೇನಯ್ಯಾ, ಷೋಫರ್ರು" ಎಂದು ಹೇಳಿ, ಹೊರಗಿನಿಂದ ಅಗಳಿ ಹಾಕಿ, ಊಟಕ್ಕೆ ಹೊರಟುಹೋದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದೇ ಅಗಳಿ ಹಾಕಿದ್ದು. ಆದರೆ ಆ ಮಾತನ್ನು ಹಾಗೆ ಆಡಬೇಕಾಗಿರಲಿಲ್ಲ.

ಮಳೆ ಬಿಡಲಿಲ್ಲ, ನಾನೂ ಹೋಟೆಲಿನಿಂದ ಏಳಲಿಲ್ಲ. ಬಂದು ಅಗಳಿ ತೆಗೆದಾಗ ಆತ ಚಕ್ರಕ್ಕೆ ಒರಗಿ ಕುಳಿತಿದ್ದ. ಕಣ್ಣು ಕೆಂಡದ ಹಾಗಿತ್ತು. ಎದೆಯ ಮೇಲೆ ವಾಂತಿ. ಏನೋ ಹೇಳಲು ಹೋದ, ನಾಲಿಗೆ ತಿರುಗಲಿಲ್ಲ. ಏಳಲು ಹೋಗಿ ಬಿದ್ದ. ಕಂಕುಳಿಗೆ ಕೈ ಹಾಕಿ ಹೊರಕ್ಕೆ ಎಳೆದು ತಂದೆ. ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ಮಂಡಿಯ ಆಳುಗಳು ಗೋಣಿ ಕೊಪ್ಪೆ ಹಾಕಿಕೊಂಡು ಓಡಿ ಬಂದರು. ಆತ ಮಳೆಯಲ್ಲಿ ತೂರಾಡಿ ಮತ್ತೆ ಬಿದ್ದದ್ದನ್ನು ಕಂಡು ಒಬ್ಬ, "ಓಗ್ಲಾ, ಕುಡ್ಕಬಂದವ್ನೆ ಕಣ್ಲಾ" ಎಂದ. ಇನ್ನೊಬ್ಬ, "ಲಿಂಗ್ದೋನಂತೆ, ಮೊದ್ಲ ಬೆಂಕಿ ಇಕ್ಕೋನಂತೆ" ಎಂದು ನಕ್ಕ.

ಯಜಮಾನರು ಛತ್ರಿ ಹಿಡಿದು ಬಂದರು. ಅವರೂ ಲಿಂಗ ಕಟ್ಟಿದವರು, ನೇಮದವರು. ವಾಂತಿ ಕಂಡು ದೂರದಲ್ಲೇ ನಿಂತು ಉತ್ತರೀಯದಿಂದ ಮೂಗು ಮುಚ್ಚಿಕೊಂಡರು.

"ಏನಪ್ಪಾ ಇದು? ಕುಡಿದಿದ್ದಾನಾ?" ಎಂದು ನನ್ನನ್ನೇ ಕೇಳಿದರು.

ಗ್ಯಾಸು ಎಂದರೆ ಮುಗಿಯುತ್ತಿತ್ತು. ಆದರೆ ಬಾಗಿಲು ಹಾಕಿದ್ದು ಯಾರು ಎಂಬುದು ಮುಂದಿನ ಪ್ರಶ್ನೆಯಾಗುತ್ತಿತ್ತು. ಅದರ ಭಯವಿತ್ತು. ಭಯ ಒಂದೇ ಆಗಿದ್ದರೆ ನಾನು ಇಷ್ಟು ವರ್ಷ ನರಳುತ್ತಿರಲಿಲ್ಲ. ಸೋಪ್ರಣ್ಣ ಮಣ್ಣಿನಲ್ಲಿ ಬಿದ್ದಿದ್ದಾನೆ, ಎಲ್ಲರೂ ನೋಡುತ್ತಿದ್ದಾರೆ ಎಂದು ಒಳಗೆ ಒಂದು ಸಣ್ಣ ಖುಷಿ ಆಯಿತು. ಅದನ್ನು ನಾನು ಕಂಡೆ.

"ನನಗೇನು ಗೊತ್ತು ಯಜಮಾನರೇ. ನಾನು ಊಟಕ್ಕೆ ಹೋಗಿದ್ದೆ" ಎಂದೆ.

ಬೆಳಗಾಗುವ ಹೊತ್ತಿಗೆ ಆತ ಚೇತರಿಸಿಕೊಂಡಿದ್ದ, ಕೆಲಸ ಹೋಗಿತ್ತು. ಯಜಮಾನರು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಬಸ್ಸಿನ ಹತ್ತಿರ ಬಂದು ನಿಂತ. ಹಣೆಯಲ್ಲಿ ವಿಭೂತಿ ಇತ್ತು, ಮೈಯಲ್ಲಿ ಮಸಿ ಇರಲಿಲ್ಲ. ಮಸಿ ಇಲ್ಲದೆ ಆತನ ಮುಖ ನನಗೆ ಹೊಸದಾಗಿ ಕಂಡಿತು.

"ನೀವೊಂದ್ ಮಾತ್ ಏಳ್ಬುಡಿ ಸಾ. ಗ್ಯಾಸ್ ಏರಿದ್ದು ಅಂತ. ಕೆಲ್ಸ ಓದ್ರೆ ಓಗ್ಲಿ. ಕುಡ್ದ ಅನ್ನೋ ಮಾತು ಊರ್ಗೆ ಓದ್ರೆ ಆಲೆ ಒಲೆ ತಾವ ನನ್ನ ಸೇರ್ಸಕಿಲ್ಲ."

"ಸಮಯ ನೋಡಿ ಹೇಳ್ತೀನಿ" ಎಂದೆ.

"ಅಷ್ಟಾದ್ರೆ ಸಾಕು" ಎಂದು ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತ. ಪೀಪಾಯಿಗೆ ಮಂಡಿಯ ಆಳೊಬ್ಬನನ್ನು ಹಾಕಿದ್ದರು, ಅವನಿಗೆ ಕೆಲಸ ತಿಳಿಯದು. ಅರಕಲಗೂಡಿಗೆ ಮೊದಲು ಒಂದು ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಿದ್ದಾಗ, ಒಳಗಿನಿಂದ ಯಾರೋ ತಗಡಿನ ಮೇಲೆ ಜೋರಾಗಿ ಬಡಿದರು. ಆತನೇ. ಕೈ ಸುಮ್ಮನಿರಲಿಲ್ಲ. ನಾನು ನಿಲ್ಲಿಸಿದೆ. ಇಳಿದು ತಾನೇ ಹಿಡಿ ತಿರುಗಿಸಿ ಗ್ಯಾಸು ಎಬ್ಬಿಸಿಕೊಟ್ಟ. ತನ್ನ ಊರಿನ ದಾರಿ ಬಂದಾಗ ಇಳಿದು ನನ್ನ ಕಿಟಕಿಯ ಕೆಳಗೆ ನಿಂತು, "ಮರೀಬ್ಯಾಡಿ ಸಾ" ಎಂದ.

ನಾನು ಮರೆಯಲಿಲ್ಲ, ಹೇಳಲೂ ಇಲ್ಲ. ಯಜಮಾನರನ್ನು ದಿನ ಬಿಟ್ಟು ದಿನ ಕಾಣುತ್ತಿದ್ದೆ. ಅವರು ಒಬ್ಬರೇ ಇದ್ದಾಗ ಕೆಲಸದ ಹೊತ್ತು ಅನಿಸುತ್ತಿತ್ತು. ಜನ ಇದ್ದಾಗ ಜನ ಇದ್ದಾರೆ ಅನಿಸುತ್ತಿತ್ತು. ಕಬ್ಬಿನ ಕಾಲ ಬಂತು. ಆತನ ಊರಿನ ಆಲೆಮನೆ ರಸ್ತೆಗೇ ಕಾಣುತ್ತದೆ. ಒಂದು ಬೆಳಿಗ್ಗೆ ಅಲ್ಲಿ ಮಾವಿನ ತೋರಣ ಕಟ್ಟಿ ಜನ ಸೇರಿದ್ದರು. ಒಲೆಯ ಬಾಯಿಯಲ್ಲಿ ಬೇರೆ ಯಾರೋ ಕುಕ್ಕರಗಾಲಲ್ಲಿ ಕುಳಿತಿದ್ದರು. ಆತ ದೂರದಲ್ಲಿ ಕಬ್ಬಿನ ಸಿಪ್ಪೆಯ ಗುಡ್ಡೆಯ ಪಕ್ಕ, ಕೈ ಕಟ್ಟಿಕೊಂಡು, ಯಾರ ಜೊತೆಗೂ ಅಲ್ಲದವನ ಹಾಗೆ ನಿಂತಿದ್ದ. ಬಸ್ಸಿನ ಸದ್ದಿಗೆ ತಿರುಗಿ ನೋಡಿದ. ನಿಲ್ಲಿಸಿ ಇಳಿದು ಆ ಜನದ ಮುಂದೆ ಒಂದು ಮಾತು ಹೇಳಬಹುದಾಗಿತ್ತು. ಏರೇನೂ ಇರಲಿಲ್ಲ, ಗ್ಯಾಸೂ ಚೆನ್ನಾಗಿತ್ತು. ಬಸ್ಸು ತಾನೇ ತಾನಾಗಿ ಮುಂದಕ್ಕೆ ಹೋಯಿತು ಎಂದು ಬರೆಯಲು ಕೈ ಬರುತ್ತದೆ. ಓಡಿಸಿದ್ದು ನಾನು.

ಯುದ್ಧ ಮುಗಿಯಿತು. ಪೆಟ್ರೋಲು ಸಿಗತೊಡಗಿದ ಮೇಲೆ ಪೀಪಾಯಿ ಬಿಚ್ಚಿ ಶೆಡ್ಡಿನ ಹಿಂದೆ ಎಸೆದರು. ಅದರಲ್ಲಿ ಯಾರದೋ ಕೋಳಿ ಕಾವು ಕೂತಿತ್ತು. ಯಜಮಾನರು ತೀರಿಕೊಂಡರು, ಮಕ್ಕಳು ಬಸ್ಸು ಮಾರಿದರು. ನಾನು ಹಾಸನಕ್ಕೆ ಬಂದು ಲಾರಿಗೆ ಸೇರಿದೆ. ಪೆಟ್ಟಿಗೆಯ ಮೇಲಿನ ಪದವನ್ನು ಯಾರೂ ಓದುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ದಿನ ಶಾಂತಿಗ್ರಾಮದಲ್ಲಿ ಲಾರಿ ನಿಲ್ಲಿಸಿ ರಸ್ತೆ ಬದಿಯ ಹೋಟೆಲಿಗೆ ಹೋದೆ. ಒಲೆಯ ಮುಂದೆ ಸೌದೆ ಒಟ್ಟುತ್ತ ಕುಳಿತಿದ್ದವನು ತಲೆ ಎತ್ತಿದ. ಆತನೇ. ಕೂದಲು ಬೆಳ್ಳಗಾಗಿತ್ತು. ಊರು ಬಿಟ್ಟು ಬಹಳ ಕಾಲವಾಯಿತು ಎಂದ. ತಾನು ಕುಳಿತಿದ್ದ ಮಣೆಯನ್ನೇ ಒರೆಸಿ ನನ್ನ ಕಡೆ ತಳ್ಳಿದ. "ಕೂತ್ಕಳಿ ಸಾ. ಕಾಫಿ ತತ್ತೀನಿ."

ಕಾಫಿ ತಂದು ಕೊಟ್ಟು, ಹೊಳೆನರಸೀಪುರದಲ್ಲಿ ನಿಲ್ಲುತ್ತಿದ್ದ ಹಾಗೆಯೇ ಪಕ್ಕದಲ್ಲಿ ನಿಂತ. ಮಳೆ ಬೆಳೆ ಮಾತಾಡಿದೆವು. ಹೇಳಬೇಕು, ಈಗ ಹೇಳಿಬಿಡಬೇಕು ಎಂದು ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಆತನೇ ತಗ್ಗಿದ ದನಿಯಲ್ಲಿ ಕೇಳಿದ.

"ಯಜಮಾನ್ರಿಗೆ ಏಳುದ್ರಾ ಸಾ ಆವತ್ತು?"

"ಹೇಳಿದೆ" ಎಂದೆ.

ಆ ಮಾತು ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿಯದು. ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಇನ್ನೊಂದನ್ನು ಸೇರಿಸಿದೆ. "ಅವರು ನಂಬಲಿಲ್ಲ."

ಆತ ಬಗ್ಗಿ ಒಲೆಗೆ ಒಂದು ಸೌದೆ ಒಟ್ಟಿದ. ಆಮೇಲೆ ಮುಖದಲ್ಲಿ ಏನೋ ಸಡಿಲವಾಯಿತು. "ಓಗ್ಲಿ ಬುಡಿ. ನೀವ್ ಏಳಿದ್ರಲ್ಲ. ನಂಗೆ ಅದೊಂದೇ ಇತ್ತು, ಏಳುದ್ರೋ ಇಲ್ವೋ ಅಂತ. ಅವ್ರು ನಂಬ್ನಿಲ್ಲ ಅಂದ್ರೆ ನೀವೇನ್ ಮಾಡೀರಿ" ಎಂದ. ಪಂಚೆಯ ಮಡಿಕೆಯಿಂದ ಒಂದು ಅಚ್ಚು ಬೆಲ್ಲ ತೆಗೆದು ಅರ್ಧ ಮುರಿದು ನನಗೆ ಕೊಟ್ಟ. ತಿಂದೆ. ಲಾರಿ ಹತ್ತಿದಾಗ ಹಿಂದೆ ಬಂದು ತಗಡನ್ನು ಮೆಲ್ಲಗೆ ತಟ್ಟಿದ. ಹತ್ತಿಸಿ, ನಾನಿದ್ದೇನೆ.

ಮತ್ತೆ ಆ ರಸ್ತೆಯಲ್ಲಿ ಹೋದಾಗಲೆಲ್ಲ ಶಾಂತಿಗ್ರಾಮದಲ್ಲಿ ನಿಲ್ಲಿಸದೆ ಹೋದೆ. ಬಹಳ ಕಾಲದ ಮೇಲೆ ಧೈರ್ಯ ಮಾಡಿ ನಿಲ್ಲಿಸಿದಾಗ ಒಲೆಯ ಮುಂದೆ ಬೇರೆಯವರಿದ್ದರು. ಕೇಳಿದೆ. ಹೋಟೆಲಿನವನು ಕೈಯನ್ನು ಮೇಲಕ್ಕೆ ತೋರಿಸಿದ.

ಸತ್ಯ ಹೇಳದಿದ್ದದ್ದಕ್ಕೆ ಆತ ನನ್ನನ್ನು ಬೈದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಹೇಳಿದೆನೆಂದು ನಂಬಿ, ಅಷ್ಟರಿಂದಲೇ ಸಮಾಧಾನಪಟ್ಟುಕೊಂಡು ಹೋದ. ಪೆಟ್ಟಿಗೆ ಇನ್ನೂ ನನ್ನ ಮಂಚದ ಕೆಳಗಿದೆ. ಅಕ್ಷರಗಳು ಮಾಸಿವೆ, ಕೈಯಾಡಿಸಿದರೆ ಬಣ್ಣದ ಉಬ್ಬು ಮಾತ್ರ ಸಿಗುತ್ತದೆ. ಕರೆಯುವವರು ಯಾರೂ ಇಲ್ಲ, ಷೋಫರ್ ಎಂದಾಗಲಿ, ಡ್ರೈವರಣ್ಣ ಎಂದಾಗಲಿ. ಯಜಮಾನರಲ್ಲಿ, ಹೆಂಡತಿಯ ಮನೆಯವರಲ್ಲಿ, ನಗುತ್ತಿದ್ದ ಆ ವ್ಯಾಪಾರಿಯಲ್ಲಿ ಕೂಡ ನಾನು ಒಂದಲ್ಲ ಒಂದು ದಿನ ಯಾವುದೋ ತಪ್ಪಿಗೆ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬನಲ್ಲೇ. ನನ್ನ ಕಾಫಿ ಮುಗಿಯುವ ತನಕ ಹೊಳೆನರಸೀಪುರದ ಆ ಬೀದಿಗೆ ಅಡ್ಡವಾಗಿ ನಿಂತಿರುತ್ತಿದ್ದವನು, ಆ ಬಸ್ಸಿನ ನಿಜವಾದ ಷೋಫರ್, ನನ್ನ ಅಣ್ಣಯ್ಯ.